ಎಸ್ಸೆಸ್ಸೆಲ್ಸಿ ಆಯಿತು: ಪಿಯುಸಿಯೋ, ಡಿಪ್ಲೊಮಾವೋ, ಐಟಿಐಯೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಊರುಗಳಲ್ಲಿ ಎಲ್ಲೂ ಬರೆದಿಡದ ಒಂದು ಕಾನೂನು ಜಾರಿಗೆ ಬರುತ್ತದೆ. ಶೇ 85 ದಾಟಿದವರಿಗೆ ಸೈನ್ಸ್, 60 ದಾಟಿದವರಿಗೆ ಕಾಮರ್ಸ್, ಅದಕ್ಕೂ ಕೆಳಗಿದ್ದರೆ ಆರ್ಟ್ಸ್, ಅಲ್ಲೂ ಬೇಡವೆಂದರೆ "ಐಟಿಐಗಾದರೂ ಹಾಕಿ". ಡಿಪ್ಲೊಮಾ ನೆನಪಾಗುವುದು ಮನೆಯಲ್ಲಿ ಯಾರಾದರೂ ಪಾಲಿಟೆಕ್ನಿಕ್ ಓದಿದವರಿದ್ದರೆ ಮಾತ್ರ. ಅಂಕಪಟ್ಟಿ ನೋಡಿ ಮಕ್ಕಳನ್ನು ಹೀಗೆ ವಿಂಗಡಿಸುವುದರಿಂದ ಆಗುವ ನಷ್ಟ ದೊಡ್ಡದು. ಶೇ 90 ತೆಗೆದು ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಸೇರಿ, ಎರಡನೇ ವರ್ಷ ಫಿಸಿಕ್ಸ್‌ನಲ್ಲಿ ಉಳಿದು ಮನೆಯಲ್ಲಿ ಕೂತ ಮಕ್ಕಳಿದ್ದಾರೆ. ಶೇ 55 ತೆಗೆದು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಅಲ್ಲಿಂದ ಡಿಪ್ಲೊಮಾ, ಅಲ್ಲಿಂದ ಬಿಇ ತನಕ ಹೋದವರೂ ಅದೇ ಶಾಲೆಯ ಬೆಂಚಿನ ಮೇಲೆ ಕೂತಿದ್ದವರೇ.

ಆದ್ದರಿಂದ ಮೊದಲು ಅಂಕಪಟ್ಟಿಯನ್ನು ಪಕ್ಕಕ್ಕಿಡೋಣ. ಯಾವ ದಾರಿಯನ್ನೇ ತೂಗಿ ನೋಡುವಾಗಲೂ ಕೇಳಬೇಕಾದ ಪ್ರಶ್ನೆಗಳು ನನ್ನ ಲೆಕ್ಕದಲ್ಲಿ ನಾಲ್ಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಯಾರೂ ಕೇಳದೇ ಇರುವುದು: ಓದು ನಡುವೆ ನಿಂತರೆ ಮಗುವಿನ ಕೈಯಲ್ಲಿ ಏನಿರುತ್ತದೆ? ಅಪ್ಪನಿಗೆ ಕಾಯಿಲೆ, ಬೆಳೆ ನಷ್ಟ, ಮನೆ ಕಟ್ಟಲು ಮಾಡಿದ ಸಾಲ, ಒಂದು ವಿಷಯದಲ್ಲಿ ಫೇಲು, ಇವೆಲ್ಲ ನಮ್ಮ ಮನೆಗಳಲ್ಲಿ ಆಗುವಂಥವೇ. ಎರಡನೆಯದು, ಈ ದಾರಿ ಹಿಡಿದರೆ ಮುಂದೆ ಯಾವ ಬಾಗಿಲು ಮುಚ್ಚುತ್ತದೆ ಎಂಬುದು. ತೆರೆಯುವ ಬಾಗಿಲುಗಳನ್ನು ಕಾಲೇಜಿನವರೇ ಹೇಳುತ್ತಾರೆ. ಮುಚ್ಚುವುದನ್ನು ನಾವೇ ಕೇಳಿ ತಿಳಿಯಬೇಕು. ಮೂರನೆಯದು ಪೂರ್ತಿ ಖರ್ಚು. ಕಾಲೇಜು ಶುಲ್ಕದ ಜೊತೆಗೆ ಬಸ್ಸು, ರೂಮು, ಟ್ಯೂಷನ್, ಕೋಚಿಂಗ್, ಮತ್ತು ಕೊನೆಯ ಪರೀಕ್ಷೆಯ ತನಕ ಸಂಪಾದನೆಯಿಲ್ಲದೆ ಕಳೆಯುವ ವರ್ಷಗಳೂ ಅದರಲ್ಲಿ ಸೇರಬೇಕು. ನಾಲ್ಕನೆಯದು, ಮಗು ಹೇಗೆ ಕಲಿಯುತ್ತದೆ. ಓದಿ ನೆನಪಿಟ್ಟು ಬರೆಯುವುದರಲ್ಲಿ ಖುಷಿಯೋ, ಬಿಚ್ಚಿ ಜೋಡಿಸುವುದರಲ್ಲಿ ಖುಷಿಯೋ? ಇದಕ್ಕೆ ಉತ್ತರ ಗೊತ್ತಿರುವುದು ನಿಮಗೆ ಮತ್ತು ಮಗುವಿಗೆ. ಮಾರ್ಕ್ಸ್ ಕಾರ್ಡಿಗೆ ಗೊತ್ತಿರುವುದಿಲ್ಲ.

ಪಿಯುಸಿ ಸೈನ್ಸ್

ಎರಡು ವರ್ಷದ ಪಿಯುಸಿ ಸೈನ್ಸ್‌ಗೆ ಇರುವಷ್ಟು ಬಾಗಿಲು ಬೇರೆ ಯಾವುದಕ್ಕೂ ಇಲ್ಲ. ಇದು ನಿಜ, ಮತ್ತು ಇದೇ ಅದರ ದೊಡ್ಡ ಬಲ. ಇಂಜಿನಿಯರಿಂಗ್, ವೈದ್ಯಕೀಯ, ಆಯುರ್ವೇದ, ಪಶುವೈದ್ಯ, ಕೃಷಿ ಪದವಿ, ಫಾರ್ಮಸಿ, ನರ್ಸಿಂಗ್, ಬಿಎಸ್‌ಸಿ, ಬಿಸಿಎ ಎಲ್ಲಕ್ಕೂ ಹೋಗಬಹುದು. ಮನಸ್ಸು ಬದಲಾದರೆ ಬಿಕಾಂ, ಬಿಎ, ಐದು ವರ್ಷದ ಕಾನೂನು ಪದವಿಗೂ ಹೋಗಬಹುದು. ಡಾಕ್ಟರಾಗಬೇಕೆಂಬ ಮಗುವಿಗಂತೂ ಬೇರೆ ದಾರಿಯೇ ಇಲ್ಲ. ನೀಟ್ ಬರೆಯಲು ಪಿಯುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಲೇಬೇಕು. ಇಂಜಿನಿಯರಿಂಗ್ ಡಿಪ್ಲೊಮಾ ಮಾಡಿದವರಿಗೆ ಆ ದಾರಿಯಿಲ್ಲ.

ಆದರೆ ಮೊದಲ ಪ್ರಶ್ನೆಗೆ ಬನ್ನಿ. ದ್ವಿತೀಯ ಪಿಯುಸಿ ಪಾಸಾಗಿ ಅಲ್ಲಿಗೇ ನಿಂತರೆ ಕೈಯಲ್ಲಿ ಯಾವ ಕಸುಬೂ ಇರುವುದಿಲ್ಲ. ಫೇಲಾದರೆ ಮಗು ಎರಡು ವರ್ಷ ಕಳೆದುಕೊಂಡು ಮತ್ತೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಡಿಪ್ಲೊಮಾ, ಐಟಿಐ ಬಾಗಿಲಲ್ಲಿ ನಿಲ್ಲಬೇಕು. ಹಾಗೆ ಬಂದವರನ್ನು ಪಾಲಿಟೆಕ್ನಿಕ್ ಸೇರಿಸಿಕೊಳ್ಳುತ್ತದೆ, ಅವಮಾನವೇನೂ ಇಲ್ಲ. ಹೋದ ಎರಡು ವರ್ಷ ಮಾತ್ರ ಹೋದದ್ದೇ. ಪಿಯುಸಿ ಸೈನ್ಸ್ ಎಂದರೆ ಮುಂದಿನ ನಾಲ್ಕೈದು ವರ್ಷದ ಓದಿಗೆ ಕೊಟ್ಟ ಮಾತು ಎಂದು ತಿಳಿದೇ ಸೇರಬೇಕು.

ಖರ್ಚಿನಲ್ಲಿ ಇಲ್ಲಿರುವಷ್ಟು ಅಂತರ ಬೇರೆಲ್ಲೂ ಇಲ್ಲ. ಸರ್ಕಾರಿ ಪಿಯು ಕಾಲೇಜಿನ ಶುಲ್ಕವನ್ನು ಕೂಲಿ ಮಾಡುವ ಮನೆಯೂ ಕಟ್ಟಬಲ್ಲದು. ಸಿಇಟಿ, ನೀಟ್, ಜೆಇಇ ಕೋಚಿಂಗನ್ನು ಪಾಠದ ಜೊತೆಗೇ ಕೊಡುತ್ತೇವೆನ್ನುವ ಇಂಟಿಗ್ರೇಟೆಡ್ ಕಾಲೇಜುಗಳಲ್ಲಿ ಹಾಸ್ಟೆಲ್ ಸೇರಿ ವರ್ಷಕ್ಕೆ ಲಕ್ಷಗಳ ಲೆಕ್ಕ. ಸಾಲ ಮಾಡಿ ಅಲ್ಲಿಗೆ ಕಳಿಸುವ ಮೊದಲು ಒಂದು ವಿಷಯ ತಿಳಿದಿರಲಿ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಬೋರ್ಡ್ ಪರೀಕ್ಷೆಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ ಮತ್ತು ಸಿಇಟಿ ಅಂಕ ಎರಡಕ್ಕೂ ಸಮಪಾಲು. ಬೋರ್ಡ್ ಪಾಠವನ್ನು ಚೆನ್ನಾಗಿ ಮಾಡುವ ಹತ್ತಿರದ ಕಾಲೇಜು, ದೂರದ ದುಬಾರಿ ಕಾಲೇಜಿಗಿಂತ ಎಷ್ಟೋ ಮಕ್ಕಳಿಗೆ ಒಳ್ಳೆಯದು. ಒಂದನೇ ತರಗತಿಯಿಂದ ಹತ್ತನೆಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15ರ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲಾತಿ ಇದೆ. ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಮೀಸಲು. ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ್ದು ಕೊರತೆ ಎಂದು ಕುಗ್ಗುವ ಮಕ್ಕಳು ಇದನ್ನು ಗಟ್ಟಿಯಾಗಿ ನೆನಪಿಡಬೇಕು.

ಕಾಂಬಿನೇಷನ್ ಬಗ್ಗೆ ಒಂದೇ ಮಾತು. "ಎರಡೂ ಇರಲಿ" ಎಂದು ಎಲ್ಲರೂ ಪಿಸಿಎಂಬಿ ತೆಗೆದುಕೊಳ್ಳುತ್ತಾರೆ. ಬಯಾಲಜಿ ಕಡೆಗೆ ಎಳ್ಳಷ್ಟೂ ಒಲವಿಲ್ಲದ ಮಗುವಿಗೆ ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಸಾಕು. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಮೊದಲ ಮೂರು ತಿಂಗಳು ಪಾಠ ಅರ್ಥವಾಗುವುದಿಲ್ಲ, ಆರನೇ ತಿಂಗಳಿಗೆ ಆಗುತ್ತದೆ. ಆ ಮೂರು ತಿಂಗಳು ಮನೆಯವರು ಬೈಯದೆ ಜೊತೆಗಿದ್ದರೆ ಅರ್ಧ ಗೆದ್ದಂತೆ.

ಕಾಮರ್ಸ್, ಆರ್ಟ್ಸ್

ಇವೆರಡನ್ನು ಸೈನ್ಸ್ ಸಿಗದವರ ಪಾಲು ಎಂದು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಕಾಮರ್ಸ್‌ನ ಹೆಚ್ಚುಗಾರಿಕೆ ಎಂದರೆ ಕಡಿಮೆ ಖರ್ಚಿನಲ್ಲಿ ದೊಡ್ಡ ವೃತ್ತಿಗೆ ಹೋಗುವ ದಾರಿ ಇದರಲ್ಲಿದೆ. ಸಿಎ (ಚಾರ್ಟರ್ಡ್ ಅಕೌಂಟೆಂಟ್) ಓದಿಗೆ ಎಸ್ಸೆಸ್ಸೆಲ್ಸಿ ಆದ ಮೇಲೆಯೇ ಫೌಂಡೇಷನ್‌ಗೆ ಹೆಸರು ನೋಂದಾಯಿಸಿ, ಪಿಯುಸಿ ಮುಗಿಸಿ ಪರೀಕ್ಷೆ ಬರೆಯಬಹುದು. ಅಲ್ಲಿಂದ ಇಂಟರ್‌ಮೀಡಿಯೆಟ್, ಸಿಎ ಒಬ್ಬರ ಕೈಕೆಳಗೆ ಎರಡು ವರ್ಷದ ತರಬೇತಿಯಾದ ಆರ್ಟಿಕಲ್‌ಶಿಪ್, ಫೈನಲ್. ಆರ್ಟಿಕಲ್‌ಶಿಪ್‌ನಲ್ಲಿ ಸ್ವಲ್ಪ ಸ್ಟೈಪೆಂಡೂ ಬರುತ್ತದೆ. ಡಾಕ್ಟರ್ ಓದಿಗೆ ಖಾಸಗಿ ಕಾಲೇಜಿನಲ್ಲಿ ಆಗುವ ಖರ್ಚಿನ ಒಂದು ಸಣ್ಣ ಪಾಲೂ ಇದಕ್ಕೆ ಆಗುವುದಿಲ್ಲ. ಕಷ್ಟವಿರುವುದು ಪರೀಕ್ಷೆಯಲ್ಲಿ: ಮತ್ತೆ ಮತ್ತೆ ಬರೆಯುವ ತಾಳ್ಮೆ ಬೇಕು, ಎಷ್ಟೋ ಮಂದಿ ನಡುವೆ ಬಿಡುತ್ತಾರೆ. ಬಿಟ್ಟರೂ ಕಲಿತ ಲೆಕ್ಕಪತ್ರ ವ್ಯರ್ಥವಾಗುವುದಿಲ್ಲ. ಬಿಕಾಂ ಜೊತೆಗೆ ಜಿಎಸ್‌ಟಿ, ಟ್ಯಾಲಿ ಬಲ್ಲವರನ್ನು ತಾಲ್ಲೂಕು ಕೇಂದ್ರದ ಅಡಿಕೆ ಮಂಡಿಯೂ ಬೆಂಗಳೂರಿನ ಕಂಪನಿಯೂ ಕೆಲಸಕ್ಕೆ ಕರೆಯುತ್ತವೆ. ಲೆಕ್ಕದ ಭಯವಿಲ್ಲದ ಮಗು ಸ್ಟ್ಯಾಟಿಸ್ಟಿಕ್ಸ್ ಅಥವಾ ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್ ಆರಿಸಿಕೊಂಡರೆ ಮುಂದೆ ಬಿಸಿಎಗೂ ಅನುಕೂಲ.

ಆರ್ಟ್ಸ್ ಯಾರಿಗೆ? ಸರ್ಕಾರಿ ನೌಕರಿ, ಶಿಕ್ಷಕ ವೃತ್ತಿ, ವಕೀಲಿಕೆ, ಪತ್ರಿಕೋದ್ಯಮ, ಸಮಾಜಕಾರ್ಯ ಇವುಗಳಲ್ಲಿ ಮನಸ್ಸಿರುವವರಿಗೆ. ಗ್ರಾಮ ಆಡಳಿತ ಅಧಿಕಾರಿ, ಪೊಲೀಸ್ ಕಾನ್‌ಸ್ಟೆಬಲ್, ದ್ವಿತೀಯ ದರ್ಜೆ ಸಹಾಯಕ ಹುದ್ದೆಗಳಿಗೆ ಪಿಯುಸಿ ಸಾಕು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಪ್ರಥಮ ದರ್ಜೆ ಸಹಾಯಕ ಹುದ್ದೆಗೆ ಪದವಿ ಬೇಕು. ಈ ಪರೀಕ್ಷೆಗಳಲ್ಲಿ ಕೇಳುವ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರವೇ ಆರ್ಟ್ಸ್ ತರಗತಿಯ ಪಾಠ, ಅದೂ ಕನ್ನಡದಲ್ಲಿ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯುಸಿ ಆದವರಿಗೆ ಪದವಿ ಮತ್ತು ಬಿಎಡ್ ಎರಡನ್ನೂ ಸೇರಿಸಿ ನಾಲ್ಕು ವರ್ಷದಲ್ಲಿ ಮುಗಿಸುವ ಕೋರ್ಸುಗಳಿವೆ. ಮೇಷ್ಟರಾಗಬೇಕೆಂಬ ಆಸೆ ಇರುವ ಮಕ್ಕಳ ಮನೆಗಳಿಗೆ ಇದರ ಸುದ್ದಿಯೇ ತಲುಪಿರುವುದಿಲ್ಲ. ಆರ್ಟ್ಸ್‌ನ ಅಪಾಯವನ್ನೂ ಹೇಳಬೇಕು: ಗುರಿಯಿಲ್ಲದೆ ಬಿಎ ಮುಗಿಸಿ, "ಕಾಲ್ ಫಾರ್ ಆದರೆ ನೋಡೋಣ" ಎಂದು ಅಧಿಸೂಚನೆಗೆ ಕಾಯುತ್ತ ಇಪ್ಪತ್ತೈದು ದಾಟುವುದು. ಸೇರುವ ದಿನವೇ ಎರಡನೇ ದಾರಿಯೊಂದನ್ನು ಯೋಚಿಸಿಟ್ಟುಕೊಂಡವರಿಗೆ ಮಾತ್ರ ಇದನ್ನು ನಾನು ಹೇಳುತ್ತೇನೆ.

ಡಿಪ್ಲೊಮಾ

ಇಂಜಿನಿಯರಿಂಗ್ ಮನಸ್ಸಿನಲ್ಲಿದೆ, ಆದರೆ ಮನೆಯ ಸ್ಥಿತಿ ಆರು ವರ್ಷ ಖಚಿತವಾಗಿ ಓದಿಸುವಂತಿಲ್ಲ ಎನ್ನುವವರಿಗೆ ನಾನು ಮೊದಲು ಹೇಳುವುದು ಪಾಲಿಟೆಕ್ನಿಕ್‌ನ ಹೆಸರನ್ನೇ. ಲೆಕ್ಕ ಹಾಕಿ ನೋಡಿ. ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು ವರ್ಷ. ಡಿಪ್ಲೊಮಾ ಮೂರು, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದರೆ ನೇರವಾಗಿ ಬಿಇ ಎರಡನೇ ವರ್ಷಕ್ಕೆ, ಅಂದರೆ ಇನ್ನು ಮೂರು. ಅಲ್ಲಿಗೂ ಆರೇ. ಕಾಲದಲ್ಲಿ ಒಂದು ದಿನದ ನಷ್ಟವೂ ಇಲ್ಲ, ನಡುವೆ ಮೂರನೇ ವರ್ಷದ ಕೊನೆಗೆ ಕೆಲಸಕ್ಕೆ ಬರುವ ಒಂದು ಸರ್ಟಿಫಿಕೇಟ್ ಕೈಗೆ ಬಂದಿರುತ್ತದೆ.

ಆ ಸರ್ಟಿಫಿಕೇಟ್‌ಗೆ ಬೆಲೆ ಎಷ್ಟು? ರೈಲ್ವೆಯ ಜೂನಿಯರ್ ಇಂಜಿನಿಯರ್, ರಾಜ್ಯದ ಇಲಾಖೆಗಳ ಕಿರಿಯ ಇಂಜಿನಿಯರ್, ಇಸ್ರೊದ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗಳಿಗೆ ಡಿಪ್ಲೊಮಾವೇ ಅರ್ಹತೆ. ಎಚ್‌ಎಎಲ್, ಬಿಇಎಲ್‌ನಂಥ ಸಂಸ್ಥೆಗಳು ಡಿಪ್ಲೊಮಾದವರನ್ನು ಅಪ್ರೆಂಟಿಸ್ ಆಗಿಯೂ ಕೆಲಸಕ್ಕೂ ತೆಗೆದುಕೊಳ್ಳುತ್ತವೆ. ಪೀಣ್ಯ, ಬೊಮ್ಮಸಂದ್ರ, ಹೊಸೂರಿನ ಕಾರ್ಖಾನೆಗಳಲ್ಲಿ ಶಾಪ್ ಫ್ಲೋರ್ ನಡೆಸುವ ಸೂಪರ್‌ವೈಸರ್‌ಗಳಲ್ಲಿ ಡಿಪ್ಲೊಮಾ ಓದಿದವರು ತುಂಬ. ಕೆಲಸ ಮಾಡುತ್ತಲೇ ಓದು ಮುಂದುವರಿಸುವವರಿಗೆ ಕೆಲವು ಕಾಲೇಜುಗಳಲ್ಲಿ ಸಂಜೆಯ ಬಿಇ ತರಗತಿಗಳೂ ಇವೆ. ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ, ಸಿಗುತ್ತದೆ.

ಸೀಟು ಸಿಗುವುದು ಎಸ್ಸೆಸ್ಸೆಲ್ಸಿ ಅಂಕಗಳ ಮೇಲೆ. ಸರ್ಕಾರಿ ಪಾಲಿಟೆಕ್ನಿಕ್‌ಗಳು ಜಿಲ್ಲೆಗಳಲ್ಲಿ ಮಾತ್ರವಲ್ಲದೆ ಅನೇಕ ತಾಲ್ಲೂಕು ಕೇಂದ್ರಗಳಲ್ಲೂ ಇವೆ, ಶುಲ್ಕ ಕೆಲವೇ ಸಾವಿರ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ಸು ಇರುವುದರಿಂದ, ಮೂವತ್ತು ಕಿಲೋಮೀಟರ್ ದೂರದ ಪಾಲಿಟೆಕ್ನಿಕ್‌ಗೆ ಮನೆಯಿಂದಲೇ ಓಡಾಡಬಹುದು. ಬಸ್ ಚಾರ್ಜಿನ ನೆಪದಲ್ಲಿ ಮಗಳನ್ನು ಊರಿನ ಕಾಲೇಜಿಗೇ ಕಟ್ಟಿಹಾಕುವ ಕಾರಣ ಈಗಿಲ್ಲ.

ತೊಡಕುಗಳನ್ನೂ ಬಿಚ್ಚಿ ಹೇಳುತ್ತೇನೆ. ಹದಿನೈದರ ವಯಸ್ಸಿಗೇ ಬ್ರಾಂಚ್ ಆರಿಸಬೇಕು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್ ಇವುಗಳ ವ್ಯತ್ಯಾಸ ಆ ವಯಸ್ಸಿಗೆ ಅಷ್ಟು ಗೊತ್ತಿರುವುದಿಲ್ಲ. ಎಲ್ಲರೂ ಕಂಪ್ಯೂಟರ್ ಸೈನ್ಸ್‌ಗೆ ಮುಗಿಬೀಳುತ್ತಾರೆ. ಆದರೆ ಸಾಫ್ಟ್‌ವೇರ್ ಕಂಪನಿಗಳು ಹೆಚ್ಚಾಗಿ ಪದವಿ ಕೇಳುವುದರಿಂದ ಆ ಬ್ರಾಂಚಿನವರು ಬಿಇ ಅಥವಾ ಬಿಸಿಎ ತನಕ ಹೋಗಲೇಬೇಕಾಗುತ್ತದೆ. ಮೂರೇ ವರ್ಷಕ್ಕೆ ಕೆಲಸ ಬೇಕಾದವರಿಗೆ ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಸಿವಿಲ್ ವಾಸಿ ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ತೊಡಕು, ನಡುವೆ ಬಿಟ್ಟರೆ ಏನೂ ಸಿಗುವುದಿಲ್ಲ. ಎರಡು ವರ್ಷದ ಐಟಿಐಗೆ ಇರುವ ಬೆಲೆ ಅರ್ಧಕ್ಕೆ ಬಿಟ್ಟ ಡಿಪ್ಲೊಮಾಗೆ ಇಲ್ಲ. ಮೊದಲ ವರ್ಷದ ಗಣಿತದಲ್ಲಿ ಬ್ಯಾಕ್‌ಲಾಗ್ ಉಳಿಸಿಕೊಂಡು ಅದನ್ನು ಮೂರನೇ ವರ್ಷದ ತನಕ ಹೊತ್ತು ತರುವ ಮಕ್ಕಳು ಬಹಳ. ಮೊದಲ ಸೆಮಿಸ್ಟರಿನ ಗಣಿತಕ್ಕೆ ಟ್ಯೂಷನ್ ಬೇಕಾದರೆ ಹೊಟ್ಟೆಬಟ್ಟೆ ಕಟ್ಟಿಯಾದರೂ ಕೊಡಿಸಿ. ಬಿಇಗೆ ಹೋದಾಗಲೂ ಗಣಿತ ಮತ್ತೆ ಎದುರಾಗುತ್ತದೆ; ಡಿಪ್ಲೊಮಾದಿಂದ ಬಂದವರು ಪಿಯುಸಿಯ ಗಣಿತ ಓದಿರುವುದಿಲ್ಲವಾದ್ದರಿಂದ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅವರಿಗೆ ಹೆಚ್ಚುವರಿ ಗಣಿತದ ಪಾಠ ಇಟ್ಟಿತ್ತು. ವರ್ಕ್‌ಶಾಪ್ ಅನುಭವದಲ್ಲಿ ಮಾತ್ರ ಇವರು ಪಿಯುಸಿಯಿಂದ ಬಂದವರಿಗಿಂತ ಬಹಳ ಮುಂದಿರುತ್ತಾರೆ.

ಡಿಪ್ಲೊಮಾ ಎನ್ನುವಾಗ ಜಿಟಿಟಿಸಿಯನ್ನು (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಬೇರೆಯಾಗಿಯೇ ಹೇಳಬೇಕು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಕಾರ್ಖಾನೆಗಳಿಗೆ ಬೇಕಾದ ಅಚ್ಚು ಮಾಡುವ ಮತ್ತು ಅದನ್ನು ಕಲಿಸುವ ಸಂಸ್ಥೆ ಇದು. ಈಗ ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಹಾಸನ, ಕಲಬುರಗಿ, ಕೂಡಲಸಂಗಮ ಸೇರಿ ರಾಜ್ಯದ ಹಲವು ಕಡೆ ಕೇಂದ್ರಗಳಿವೆ. ಇಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನಾಲ್ಕು ವರ್ಷದ್ದು: ಮೂರು ವರ್ಷ ಕೇಂದ್ರದಲ್ಲಿ, ಕೊನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಪ್ಲಾಸ್ಟಿಕ್ ಬಕೆಟ್‌ನಿಂದ ವಿಮಾನದ ಬಿಡಿಭಾಗದ ತನಕ ಯಾವುದನ್ನೇ ಲಕ್ಷಗಟ್ಟಲೆ ಒಂದೇ ಅಳತೆಯಲ್ಲಿ ತೆಗೆಯಬೇಕಾದರೂ ಅಚ್ಚು ಬೇಕು. ಆ ಅಚ್ಚು ಮಾಡುವ ಕೈಗಳಿಗೆ ಕೆಲಸದ ಬರ ಬಂದದ್ದನ್ನು ನಾನು ಕಂಡಿಲ್ಲ. ಪಾಲಿಟೆಕ್ನಿಕ್‌ಗಿಂತ ಶುಲ್ಕ ಹೆಚ್ಚು, ಶಿಸ್ತು ಬಿಗಿ, ದಿನವಿಡೀ ಮೆಷಿನ್ ಮುಂದೆ ನಿಲ್ಲಬೇಕು. ಕೈಕೆಲಸದಲ್ಲಿ ತಲೆ ಓಡುವ ಮಗುವಿಗೆ, ಬಿಇಗಿಂತ ಬೇಗ ಸಂಪಾದನೆ ಬೇಕೆನ್ನುವ ಮನೆಗೆ, ನಾನು ಮರುಯೋಚನೆ ಇಲ್ಲದೆ ಹೇಳುವ ದಾರಿ ಇದು. ಕೇಂದ್ರ ಸರ್ಕಾರದ ಸಂಸ್ಥೆಯಾದ ಮೈಸೂರಿನ ಸಿಪೆಟ್‌ನಲ್ಲಿಯೂ ಎಸ್ಸೆಸ್ಸೆಲ್ಸಿ ಆದವರಿಗೆ ಪ್ಲಾಸ್ಟಿಕ್ ತಂತ್ರಜ್ಞಾನದ ಡಿಪ್ಲೊಮಾ ಇದೆ.

ಐಟಿಐ

"ಐಟಿಐಗಾದರೂ" ಎನ್ನುವ ಆ "ಆದರೂ" ಈ ದಾರಿಗೆ ಮಾಡಿರುವ ಅನ್ಯಾಯ ಸಣ್ಣದಲ್ಲ. ನನ್ನ ಮೊದಲ ಪ್ರಶ್ನೆಗೆ, ನಡುವೆ ನಿಂತರೆ ಕೈಯಲ್ಲೇನು ಎಂಬುದಕ್ಕೆ, ಅತಿ ಬೇಗ ಉತ್ತರ ಕೊಡುವುದು ಐಟಿಐ. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಎರಡು ವರ್ಷದ ಟ್ರೇಡ್‌ಗಳು. ವೆಲ್ಡರ್, ಪ್ಲಂಬರ್, ಡೀಸೆಲ್ ಮೆಕ್ಯಾನಿಕ್, ಕಂಪ್ಯೂಟರ್ ಆಪರೇಟರ್ ಒಂದು ವರ್ಷದವು. ಸರ್ಕಾರಿ ಐಟಿಐ ಶುಲ್ಕ ಪಾಲಿಟೆಕ್ನಿಕ್‌ಗಿಂತಲೂ ಕಡಿಮೆ.

ಇಲ್ಲೂ ವರ್ಷಗಳ ಲೆಕ್ಕ ಹಾಕಿ. ಎರಡು ವರ್ಷದ ಐಟಿಐ ಪಾಸಾದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಐಟಿಐ ಎರಡು, ಡಿಪ್ಲೊಮಾ ಎರಡು, ಬಿಇ ಮೂರು: ಒಟ್ಟು ಏಳು ವರ್ಷ. ಪಿಯುಸಿಯಿಂದ ಹೋದವನಿಗಿಂತ ಒಂದೇ ವರ್ಷ ಹೆಚ್ಚು, ಆದರೆ ದಾರಿಯಲ್ಲಿ ಎರಡು ಕಡೆ ನಿಂತು ಸಂಪಾದಿಸಿ ಮತ್ತೆ ಓದಿಗೆ ಮರಳಬಹುದು. ಬಡ ಮನೆಯ ಜಾಣ ಮಗುವಿಗೆ ಈ ಒಂದು ವರ್ಷ ದುಬಾರಿಯಲ್ಲ.

ಐಟಿಐ ಮುಗಿದ ಮೇಲೆ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಮಾಡದೆ ಬಿಡಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಕಾರ್ಖಾನೆಗಳು, ರೈಲ್ವೆ, ಕೆಎಸ್ಸಾರ್ಟಿಸಿ, ಸಾರ್ವಜನಿಕ ಉದ್ಯಮಗಳು ಸ್ಟೈಪೆಂಡ್ ಕೊಟ್ಟು ತರಬೇತಿ ಕೊಡುತ್ತವೆ. ಕೊನೆಗೆ ಪರೀಕ್ಷೆ ಬರೆದರೆ ಸಿಗುವ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್) ಸರ್ಟಿಫಿಕೇಟ್‌ಗೆ ಒಂದೊಂದು ಕಡೆ ಐಟಿಐ ಸರ್ಟಿಫಿಕೇಟ್‌ಗಿಂತ ಹೆಚ್ಚಿನ ಬೆಲೆ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆ ಸಂಬಂಧಪಟ್ಟ ಟ್ರೇಡಿನ ಐಟಿಐ ಸಾಕು. ಇಸ್ರೊದ ಟೆಕ್ನಿಷಿಯನ್ ಹುದ್ದೆಗೂ ಇದೇ ಅರ್ಹತೆ. ಸ್ವಂತ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗೆ ಅನುಭವದ ಮೇಲೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್, ಮುಂದೆ ಗುತ್ತಿಗೆದಾರರ ಲೈಸೆನ್ಸ್ ತನಕ ಏರುವ ದಾರಿ ಇದೆ. ಲೈಸೆನ್ಸ್ ಇರುವವರ ಆದಾಯಕ್ಕೂ ಇಲ್ಲದವರ ಆದಾಯಕ್ಕೂ ಅಜಗಜಾಂತರ.

ಸೇರುವ ಮೊದಲು ಮೂರು ವಿಷಯ ನೋಡಲೇಬೇಕು. ಆ ಟ್ರೇಡಿಗೆ ರಾಷ್ಟ್ರಮಟ್ಟದ ಮಾನ್ಯತೆ (ಜನ ಈಗಲೂ ಎನ್‌ಸಿವಿಟಿ ಎನ್ನುತ್ತಾರೆ) ಇದೆಯೇ? ಬೋರ್ಡಿನ ಮೇಲೆ ಬರೆದಿದ್ದರೆ ಸಾಲದು, ದಾಖಲೆ ಕೇಳಿ. ವರ್ಕ್‌ಶಾಪ್‌ನಲ್ಲಿ ಮೆಷಿನ್ ಓಡುತ್ತಿದೆಯೇ, ಧೂಳು ಹಿಡಿದು ನಿಂತಿದೆಯೇ? ಹಾಜರಿ ಹಾಕಿ ಮನೆಗೆ ಕಳಿಸುವ ಸಂಸ್ಥೆಗಳು ಇವೆ. ಅಂಥಲ್ಲಿ ಎರಡು ವರ್ಷ ಕಳೆದ ಹುಡುಗನಿಗೆ ಮೈಕ್ರೋಮೀಟರ್ ಹಿಡಿಯಲೂ ಬರುವುದಿಲ್ಲ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಲ್ಲಿ ಹೊಸ ಯಂತ್ರಗಳನ್ನು ಕೂರಿಸಲಾಗಿದೆ. ನಿಮ್ಮ ತಾಲ್ಲೂಕಿನದು ಆ ಪಟ್ಟಿಯಲ್ಲಿದೆಯೇ ವಿಚಾರಿಸಿ. ಇದ್ದರೆ ಸಾಮಾನ್ಯ ಖಾಸಗಿ ಐಟಿಐಗಿಂತ ಅದೇ ಮೇಲು. ಕೊನೆಯದು ವಯಸ್ಸಿನ ಮಾತು. ಹದಿನೈದಕ್ಕೆ ಸೇರಿ ಒಂದು ವರ್ಷದ ಟ್ರೇಡ್ ಮುಗಿಸಿದರೆ ಹದಿನಾರು. ಹದಿನೆಂಟು ತುಂಬದವರನ್ನು ಕಾರ್ಖಾನೆಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ತುರ್ತು ಇದ್ದರೂ ಎರಡು ವರ್ಷದ ಟ್ರೇಡ್ ಆರಿಸಿ, ಮೇಲೊಂದು ವರ್ಷ ಅಪ್ರೆಂಟಿಸ್‌ಶಿಪ್ ಮಾಡುವುದೇ ಜಾಣತನ.

ಹುಡುಗಿಯರನ್ನು ಐಟಿಐಗೆ ಕಳಿಸಲು ನಮ್ಮಲ್ಲಿ ಇನ್ನೂ ಹಿಂಜರಿಕೆ. ನರಸಾಪುರ, ದೇವನಹಳ್ಳಿ ಕಡೆಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಈಗ ಹೆಚ್ಚಾಗಿ ಕೆಲಸ ಮಾಡುತ್ತಿರುವವರು ಹೆಣ್ಣುಮಕ್ಕಳೇ. ಲೈನಿನಲ್ಲಿ ಕೂತು ಜೋಡಿಸುವ ಕೆಲಸಕ್ಕೂ, ಆ ಮೆಷಿನನ್ನು ರಿಪೇರಿ ಮಾಡುವ ಟೆಕ್ನಿಷಿಯನ್ ಕೆಲಸಕ್ಕೂ ಸಂಬಳದಲ್ಲಿ, ಬಡ್ತಿಯಲ್ಲಿ ವ್ಯತ್ಯಾಸವಿದೆ. ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಓದಿದ ಹುಡುಗಿ ಎರಡನೆಯದಕ್ಕೆ ಅರ್ಜಿ ಹಾಕಬಲ್ಲಳು.

ಕಣ್ಣಿಗೆ ಬೀಳದ ಕೆಲವು

ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾಗಳು, ಅಂದರೆ ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ ಟೆಕ್ನಾಲಜಿ, ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ, ಪಿಯುಸಿ ಸೈನ್ಸ್ ಆದವರಿಗೆ ಎರಡು ವರ್ಷ. ಆಸ್ಪತ್ರೆಯ ಕೆಲಸ ಇಷ್ಟ, ಬೇಗ ದುಡಿಯಬೇಕು ಎನ್ನುವವರಿಗೆ ಹೊಂದುತ್ತದೆ. ಸೇರುವ ಕಾಲೇಜಿಗೆ ಸ್ವಂತ ಆಸ್ಪತ್ರೆ ಅಥವಾ ಆಸ್ಪತ್ರೆಯ ಜೊತೆ ಒಪ್ಪಂದ ಇಲ್ಲದಿದ್ದರೆ ಅಲ್ಲಿ ಕಲಿಯುವುದೇನೂ ಇಲ್ಲ.

ಹೊಲ, ದನಕರು ಇರುವ ಮನೆಯ ಮಕ್ಕಳಿಗೆ ಕೃಷಿ ವಿಶ್ವವಿದ್ಯಾಲಯಗಳು ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಕನ್ನಡ ಮಾಧ್ಯಮದಲ್ಲೇ ಇದೆ. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಅಡಿಯಲ್ಲಿ ತಿಪಟೂರು ತಾಲ್ಲೂಕಿನ ಕೋನೇಹಳ್ಳಿ ಮುಂತಾದ ಕಡೆ ಪಶುಸಂಗೋಪನಾ ಡಿಪ್ಲೊಮಾ ಇದೆ. ಸೀಟು ಕಡಿಮೆ, ಅರ್ಜಿಯ ದಿನಾಂಕ ಬೇರೆ. ಪತ್ರಿಕೆಯ ಮೂಲೆಯಲ್ಲಿ ಬರುವ ಪ್ರಕಟಣೆಯನ್ನು ಹುಡುಕಿ ನೋಡಬೇಕು. ಬಿಎಸ್‌ಸಿ ಕೃಷಿಯೇ ಬೇಕೆಂದರೆ ಪಿಯುಸಿ ಸೈನ್ಸ್ ಓದಿ ಸಿಇಟಿ ಬರೆಯಬೇಕು. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ.

ವಿದ್ಯುತ್ ನಿಗಮಗಳ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಅಂಕ ಮತ್ತು ಕಂಬ ಹತ್ತುವುದೂ ಸೇರಿದ ದೈಹಿಕ ಪರೀಕ್ಷೆಯೇ ಆಧಾರ. ಆದ್ದರಿಂದ ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ಯಾವ ದಾರಿ ಹಿಡಿದರೂ ಜೋಪಾನವಾಗಿಡಿ. ಅದು ಮುಂದೆಯೂ ಕೆಲಸಕ್ಕೆ ಬರುತ್ತದೆ.

ಯಾರಿಗೆ ಯಾವುದು

ವರ್ಷಕ್ಕೆ ಹತ್ತು ಸಾವಿರದ ಮೇಲೆ ಖರ್ಚು ಮಾಡಲಾಗದ ಮನೆ, ಮಗುವಿಗೆ ಓದಿನಲ್ಲಿ ಆಸಕ್ತಿ ಇದೆ: ಸರ್ಕಾರಿ ಪಾಲಿಟೆಕ್ನಿಕ್, ಜೊತೆಗೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಹಾಸ್ಟೆಲ್. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳು ಹಣ ಬರುತ್ತದೆ. ಅದೇ ಮನೆಯಲ್ಲಿ ಎರಡೇ ವರ್ಷದಲ್ಲಿ ಸಂಪಾದನೆ ಬೇಕೆಂದರೆ ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ಐಟಿಐ, ಮೂರನೇ ವರ್ಷ ಅಪ್ರೆಂಟಿಸ್‌ಶಿಪ್.

ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿ, ಪದವಿ ಮಾಡಬೇಕೆಂಬ ಆಸೆ: ಸರ್ಕಾರಿ ಪಿಯು ಕಾಲೇಜನ್ನೇ ಆರಿಸಿ. ಹತ್ತು ಮತ್ತು ಹನ್ನೆರಡು ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಪದವಿ ಓದುವಾಗ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ಖಾಸಗಿ ಪಿಯು ಸೇರಿದರೆ ಈ ಅರ್ಹತೆ ಹೋಗುತ್ತದೆ. ಇದನ್ನು ಪಿಯು ಸೇರುವ ಮೊದಲೇ ಮಗಳಿಗೆ ಹೇಳುವವರು ಬೇಕು.

ಡಾಕ್ಟರೇ ಆಗಬೇಕು ಎನ್ನುವ ಮಗು, ಮನೆಯಲ್ಲಿ ಹಣವಿಲ್ಲ: ಪಿಯುಸಿ ಸೈನ್ಸ್‌ಗೆ ಕಳಿಸಿ, ಜೊತೆಗೇ ಬಿಎಸ್‌ಸಿ ನರ್ಸಿಂಗ್, ಫಾರ್ಮಸಿ, ಕೃಷಿ, ಲ್ಯಾಬ್ ಟೆಕ್ನಾಲಜಿ ಪದವಿಗಳ ಬಗ್ಗೆಯೂ ಈಗಲೇ ಮಾತಾಡಿ. ನೀಟ್‌ನಲ್ಲಿ ಸರ್ಕಾರಿ ಸೀಟು ಸಿಗದಿದ್ದರೆ ಎಲ್ಲವೂ ಮುಗಿಯಿತು ಎಂದು ಹದಿನೇಳರ ಮಗುವಿಗೆ ಅನಿಸಬಾರದು.

ಹಣಕ್ಕೆ ತೊಂದರೆಯಿಲ್ಲ, ಮಗುವಿಗೆ ಮಾತ್ರ ಏನು ಬೇಕೆಂದೇ ತಿಳಿಯದು: ಇಂಥವರಿಗೆ ಪಿಯುಸಿ ಸೈನ್ಸ್ ಅಥವಾ ಕಾಮರ್ಸ್ ಸರಿ, ಎರಡು ವರ್ಷ ಯೋಚಿಸಲು ಸಮಯ ಸಿಗುತ್ತದೆ. ಆ ಸಮಯವನ್ನು ಕೊಳ್ಳುವ ಶಕ್ತಿ ಎಲ್ಲ ಮನೆಗೂ ಇರುವುದಿಲ್ಲ, ಇದ್ದವರು ಬಳಸಿಕೊಳ್ಳಲಿ.

ಪುಸ್ತಕ ಮುಟ್ಟದ, ಆದರೆ ಊರಿನವರ ಮೋಟಾರು, ಮಿಕ್ಸಿ ಎಲ್ಲ ರಿಪೇರಿ ಮಾಡಿಕೊಡುವ ಹುಡುಗ: ದಯವಿಟ್ಟು ಅವನನ್ನು ಪಿಸಿಎಂಬಿಗೆ ಹಾಕಬೇಡಿ. ಜಿಟಿಟಿಸಿ ಅಥವಾ ಒಳ್ಳೆಯ ಸರ್ಕಾರಿ ಐಟಿಐ ಅವನ ಜಾಗ.

ಯಾವುದನ್ನು ಆರಿಸಿದರೂ ಅರ್ಜಿ ಹಾಕುವ ಮೊದಲು ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ, ಶಾಲೆಯಿಂದ ಪಡೆದು ಬಿಇಒ ಸಹಿ ಮಾಡಿಸಿದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರು 371(ಜೆ) ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ಪಿಯು ಕಾಲೇಜು ಮತ್ತು ಪಾಲಿಟೆಕ್ನಿಕ್‌ನ ದಾಖಲಾತಿ ದಿನಾಂಕಗಳು ಹೊಂದುವುದಿಲ್ಲ. ಮೊದಲು ಪಿಯುಗೆ ಸೇರಿಸಿ, ಆಮೇಲೆ ಪಾಲಿಟೆಕ್ನಿಕ್ ಸೀಟು ಬಂದಾಗ ಟಿಸಿ ವಾಪಸ್ ಪಡೆಯಲು ಅಲೆದಾಡುವ ಅಪ್ಪಂದಿರನ್ನು ಪ್ರತಿ ವರ್ಷ ನೋಡುತ್ತೇವೆ. ಸೇರಿಸುವ ದಿನವೇ ಕಾಲೇಜಿನವರನ್ನು ಕೇಳಿ: ಬೇರೆ ಕಡೆ ಸೀಟು ಸಿಕ್ಕರೆ ಮೂಲ ಟಿಸಿ, ಅಂಕಪಟ್ಟಿ ಎಷ್ಟು ದಿನದಲ್ಲಿ ಕೊಡುತ್ತೀರಿ, ಕಟ್ಟಿದ ಹಣದಲ್ಲಿ ಎಷ್ಟು ಮರಳಿ ಬರುತ್ತದೆ? ಉತ್ತರವನ್ನು ಬರೆಸಿಕೊಂಡು, ಮೂಲ ದಾಖಲೆಗಳ ಐದಾರು ಜೆರಾಕ್ಸ್ ಮನೆಯಲ್ಲಿಟ್ಟುಕೊಂಡೇ ಹಣ ಕಟ್ಟಿ.